ಒಂದೇ ಕಟ್ಟಡ, ಎರಡು ರಾತ್ರಿ: ಬ್ಲ್ಯಾಕ್‌ಪೂಲ್‌ನ ವಿಂಟರ್ ಗಾರ್ಡನ್ಸ್, ಜುಲೈ 1964

1964ರ ಜುಲೈ 24, ಶುಕ್ರವಾರ ರಾತ್ರಿ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಊರು. ಅಲ್ಲಿನ ವಿಂಟರ್ ಗಾರ್ಡನ್ಸ್ ಎಂಬ ಹಳೆಯ ಮನರಂಜನಾ ಕಟ್ಟಡದಲ್ಲಿ ಎಂಪ್ರೆಸ್ ಬಾಲ್‌ರೂಮ್ ಎಂಬ ದೊಡ್ಡ ನೃತ್ಯದ ಹಾಲ್ ಇದೆ. ಆ ರಾತ್ರಿ ಅಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದವರು ಹಾಡುತ್ತಿದ್ದರು. ಒಳಗೆ ಸುಮಾರು 7,000 ಜನ ಇದ್ದರು. ಕಾರ್ಯಕ್ರಮ ಮುಗಿಯುವ ಮೊದಲೇ ತಂಡದವರು ವೇದಿಕೆ ಬಿಟ್ಟು ಓಡಬೇಕಾಯಿತು. ಅವರು ಹೋದದ್ದೇ ತಡ, ಜನ ವೇದಿಕೆ ಹತ್ತಿದರು. ಡ್ರಮ್ಸ್, ಆಂಪ್ಲಿಫೈಯರ್ ಪುಡಿಯಾದವು. ಒಂದು ಸ್ಟೀನ್‌ವೇ ಗ್ರ್ಯಾಂಡ್ ಪಿಯಾನೋ ಹಾಳಾಯಿತು. ಗಾಜಿನ ತೂಗುದೀಪಗಳು ಒಡೆದವು, ಆಸನಗಳು ಹರಿದವು. ಹತ್ತಾರು ಜನ ಗಾಯಗೊಂಡರು.

ಮಧ್ಯೆ ಒಂದು ದಿನ ಕಳೆದು ಜುಲೈ 26, ಭಾನುವಾರ. ಅದೇ ಕಟ್ಟಡ, ಅದೇ ಸೂರು. ಬಾಲ್‌ರೂಮ್‌ನಿಂದ ಕೆಲವೇ ಹೆಜ್ಜೆ ದೂರದ ಒಪೆರಾ ಹೌಸ್‌ನಲ್ಲಿ ಬೀಟಲ್ಸ್ ಹಾಡಿದರು. ಆಗ ಜಗತ್ತಿನಲ್ಲೇ ಅವರಷ್ಟು ಜನ ಸೆಳೆಯುವ ತಂಡ ಇನ್ನೊಂದಿರಲಿಲ್ಲ. ಹುಡುಗಿಯರ ಕಿರುಚಾಟಕ್ಕೆ ಹಾಡೇ ಕೇಳಿಸುತ್ತಿರಲಿಲ್ಲ ಅನ್ನುವ ಕಾಲ ಅದು. ಆದರೂ ಶುಕ್ರವಾರದಂಥ ಗಲಭೆ ಆಗಲಿಲ್ಲ.

ಸ್ಟೋನ್ಸ್ ಕೆಟ್ಟವರು, ಬೀಟಲ್ಸ್ ಒಳ್ಳೆಯವರು ಎಂದು ಅಂದಿನ ಬಹಳ ಜನ ಇದನ್ನು ವಿವರಿಸಿದರು. ಊರಿನ ಕೌನ್ಸಿಲ್ (ನಗರಸಭೆ) ಕೂಡ ಹಾಗೆಯೇ ತೀರ್ಮಾನಿಸಿ ಸ್ಟೋನ್ಸ್ ತಂಡಕ್ಕೆ ಬ್ಲ್ಯಾಕ್‌ಪೂಲ್ ಬಾಗಿಲು ಮುಚ್ಚಿತು. ನನಗೆ ಆ ವಿವರಣೆ ಸಾಲದು ಅನ್ನಿಸುತ್ತದೆ. ಆ ರಾತ್ರಿ ಸೋತದ್ದು ತಂಡವಲ್ಲ, ಹಾಲ್. ಅದು ಹೇಗೆ ಅಂತ ತಿಳಿಯಬೇಕಾದರೆ ಈ ಊರಿಗೆ ತಾರೆಯರು ಯಾಕೆ ಬರುತ್ತಿದ್ದರು, ಯಾರಿಗಾಗಿ ಬರುತ್ತಿದ್ದರು ಎಂಬಲ್ಲಿಂದ ಶುರು ಮಾಡಬೇಕು.

ಗಿರಣಿ ನಿಂತ ವಾರ

ಬ್ಲ್ಯಾಕ್‌ಪೂಲ್‌ಗೆ ರೈಲು ಬಂದದ್ದು 1846ರಲ್ಲಿ. ಪಕ್ಕದಲ್ಲೇ ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳ ಊರುಗಳು: ಬೋಲ್ಟನ್, ಬರ್ನ್ಲಿ, ಬ್ಲ್ಯಾಕ್‌ಬರ್ನ್, ಓಲ್ಡಮ್. ಈ ಊರುಗಳಲ್ಲಿ 'ವೇಕ್ಸ್ ವೀಕ್' ಎಂಬ ಪದ್ಧತಿ ಇತ್ತು. ಮೂಲದಲ್ಲಿ ಅದು ಚರ್ಚಿನ ಊರಹಬ್ಬ. ಗಿರಣಿಗಳು ಬಂದ ಮೇಲೆ ಅದೇ ಬೇಸಿಗೆಯ ರಜೆ ಆಯಿತು. ಇಡೀ ಊರಿನ ಗಿರಣಿಗಳು ಒಟ್ಟಿಗೆ ಒಂದು ವಾರ ನಿಲ್ಲುತ್ತಿದ್ದವು. ಬಾಯ್ಲರ್ ತೊಳೆಯುವುದು, ಯಂತ್ರ ರಿಪೇರಿ, ಎಲ್ಲ ಆ ವಾರವೇ. ಕೆಲಸಗಾರರು ವರ್ಷವಿಡೀ ವಾರಕ್ಕಿಷ್ಟು ಅಂತ ಕ್ಲಬ್ಬುಗಳಲ್ಲಿ ಕಟ್ಟಿ ಉಳಿಸಿದ ದುಡ್ಡು ತೆಗೆದುಕೊಂಡು, ಮಕ್ಕಳುಮರಿ ಕರೆದುಕೊಂಡು ರೈಲು ಹತ್ತುತ್ತಿದ್ದರು. ಆ ವಾರಕ್ಕೆ ಸಂಬಳ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಸಂಬಳ ಸಹಿತ ರಜೆಯ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1938ರಲ್ಲಿ.

ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಇದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಂದ ಲ್ಯಾಂಕಾಶೈರ್‌ಗೆ ಬರುತ್ತಿದ್ದ ಹತ್ತಿ ಕಡಿದುಹೋಯಿತು. ಗಿರಣಿಗಳು ನಿಂತವು, ಕೆಲಸಗಾರರ ಮನೆಗಳಲ್ಲಿ ಒಲೆ ಉರಿಯಲಿಲ್ಲ. ಆಗ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಬಿದ್ದದ್ದು ಧಾರವಾಡ ಸೀಮೆಯ ಎರೆನೆಲದ ಮೇಲೆ. ಅಲ್ಲಿ ಬೆಳೆಯುತ್ತಿದ್ದ 'ಧಾರವಾಡ-ಅಮೆರಿಕನ್' ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಕಾರವಾರದ ಬಂದರು ಬೆಳೆಸಬೇಕೆಂದು ಅವರು ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕ ಇತ್ತು. ಬ್ಲ್ಯಾಕ್‌ಪೂಲ್‌ನ ಮರಳಿನ ಮೇಲೆ ಕಾಲು ಚಾಚಿ ಕೂತವರ ಕೈಯಲ್ಲಿ ನಮ್ಮ ರೈತರ ಹತ್ತಿಯೂ ನೂಲಾಗಿತ್ತು ಎಂದು ನೆನೆದಾಗ ಆ ಊರು ನನಗೆ ಅಷ್ಟು ದೂರದ್ದು ಅನ್ನಿಸುವುದಿಲ್ಲ.

ಸರಿ, ವೇಕ್ಸ್ ವೀಕ್‌ಗೆ ಬರೋಣ. ಎಲ್ಲ ಊರುಗಳಿಗೂ ಒಂದೇ ವಾರ ರಜೆ ಇರಲಿಲ್ಲ. ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು. ಹಾಗಾಗಿ ಬ್ಲ್ಯಾಕ್‌ಪೂಲ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜನ ಖಾಲಿಯಾಗುತ್ತಲೇ ಇರಲಿಲ್ಲ. ಜುಲೈ ಕೊನೆಯ ಎರಡು ವಾರ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸರದಿ. 'ಗ್ಲಾಸ್ಗೋ ಫೇರ್' ಎಂಬ ಆ ರಜೆಯಲ್ಲಿ ಹಡಗು ಕಟ್ಟುವವರು, ಕಾರ್ಖಾನೆಯವರು ಸಾವಿರಗಟ್ಟಲೆ ಬ್ಲ್ಯಾಕ್‌ಪೂಲ್‌ಗೆ ಬರುತ್ತಿದ್ದರು. ಜುಲೈ 24 ಬಿದ್ದದ್ದು ಸರಿಯಾಗಿ ಆ ದಿನಗಳ ನಡುವೆ.

ಜನ ಬದಲಾಗುತ್ತಾರೆ, ಆಟ ಬದಲಾಗುವುದಿಲ್ಲ

ತಾರೆಯರು ಈ ಊರಿಗೆ ಯಾಕೆ ಬರುತ್ತಿದ್ದರು ಅನ್ನುವುದಕ್ಕೆ ಉತ್ತರ ಈ ಸರದಿಯಲ್ಲೇ ಇದೆ. ನಮ್ಮ ಕಡೆ ವೃತ್ತಿ ನಾಟಕ ಕಂಪನಿ ಒಂದು ಊರಲ್ಲಿ ಟೆಂಟು ಹಾಕಿ, ಅಲ್ಲಿನ ಜನ ನೋಡಿ ಮುಗಿಸುವವರೆಗೆ ಆಡಿ, ಆಮೇಲೆ ಗಾಡಿ ಕಟ್ಟಿ ಮುಂದಿನ ಊರಿಗೆ ಹೋಗುತ್ತಿತ್ತು, ಅಲ್ವಾ? ಬ್ಲ್ಯಾಕ್‌ಪೂಲ್‌ನಲ್ಲಿ ಅದು ತಿರುಗುಮುರುಗು. ಆಟ ಇದ್ದಲ್ಲೇ ಇರುತ್ತಿತ್ತು. ಪ್ರೇಕ್ಷಕರು ವಾರಕ್ಕೊಮ್ಮೆ ರೈಲು ಹತ್ತಿ ಹೊಸಬರಾಗಿ ಬರುತ್ತಿದ್ದರು. ಒಬ್ಬ ಹಾಸ್ಯಗಾರ ಜೂನ್‌ನಲ್ಲಿ ಹೇಳಿದ ಜೋಕನ್ನೇ ಸೆಪ್ಟೆಂಬರ್‌ನಲ್ಲೂ ಹೇಳಬಹುದಿತ್ತು. ಕೇಳುವವರು ಬೇರೆ.

ಇದಕ್ಕೆ 'ಸಮ್ಮರ್ ಸೀಸನ್' ಎಂದು ಹೆಸರು. ಕಲಾವಿದರು ಇಡೀ ಬೇಸಿಗೆಗೆ ಒಪ್ಪಂದ ಮಾಡಿಕೊಂಡು ಊರಲ್ಲೇ ಮನೆ ಹಿಡಿಯುತ್ತಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಎರಡು ಆಟ. 'ಟ್ವೈಸ್ ನೈಟ್ಲಿ' ಎಂದು ಪೋಸ್ಟರಿನಲ್ಲೇ ಅಚ್ಚಾಗಿರುತ್ತಿತ್ತು. ನಾಲ್ಕು ತಿಂಗಳು ಒಂದೇ ಕಡೆ, ಕೈತುಂಬ ಕೆಲಸ. ಊರೂರು ಅಲೆಯುವ ಹಾಡುಗಾರನಿಗೆ, ಹಾಸ್ಯಗಾರನಿಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು? 1963ರ ಬೇಸಿಗೆಯಲ್ಲಿ ಕ್ಲಿಫ್ ರಿಚರ್ಡ್ ತಮ್ಮ ಶಾಡೋಸ್ ತಂಡದ ಜೊತೆ ಆಗಷ್ಟೇ ತೆರೆದ ಎಬಿಸಿ ಥಿಯೇಟರ್‌ನಲ್ಲಿ ಸೀಸನ್ ಮಾಡಿದರು. ಆಗ ಬ್ರಿಟನ್ನಿನ ಅತಿ ದೊಡ್ಡ ಪಾಪ್ ಹೆಸರುಗಳಲ್ಲಿ ಅವರದ್ದೂ ಒಂದು. ಅಂಥವರೇ ಒಂದು ಕಡಲೂರಿನಲ್ಲಿ ಬೇಸಿಗೆ ಕಳೆಯುತ್ತಿದ್ದರು.

ಆರು ದಿನ ಅಂದೆನಲ್ಲ, ಏಳನೆಯ ದಿನ ಭಾನುವಾರ. ಇಂಗ್ಲೆಂಡಿನಲ್ಲಿ ಭಾನುವಾರ ವೇಷ ಹಾಕಿ ಆಡುವ ನಾಟಕಗಳಿಗೆ, ಹಾಡು ಹಾಸ್ಯ ಬೆರೆಸಿದ ರೆವ್ಯೂ ಆಟಗಳಿಗೆ ಹಳೆಯ ಕಾನೂನಿನ ತಡೆ ಇತ್ತು. ಸಂಗೀತ ಕಛೇರಿಗೆ ಅವಕಾಶ ಇತ್ತು. ಆದ್ದರಿಂದ ಸೀಸನ್ನಿನ ಆಟ ಬಿಡುವಿದ್ದ ಭಾನುವಾರ ಅದೇ ಥಿಯೇಟರ್ ಒಂದೇ ದಿನಕ್ಕೆ ಬಂದು ಹೋಗುವ ಹಾಡುಗಾರರಿಗೆ ಸಿಗುತ್ತಿತ್ತು. 1964ರ ಬೇಸಿಗೆಯಲ್ಲಿ ಬೀಟಲ್ಸ್ ಬ್ರೈಟನ್, ಬ್ಲ್ಯಾಕ್‌ಪೂಲ್, ಬೋರ್ನ್‌ಮತ್, ಸ್ಕಾರ್ಬರೋ ಅಂತ ಭಾನುವಾರದಿಂದ ಭಾನುವಾರಕ್ಕೆ ಕಡಲೂರುಗಳನ್ನೇ ಸುತ್ತಿದ್ದಕ್ಕೆ ಕಾರಣ ಇದು. ಈ ಒಂದು ವಿವರವನ್ನು ನೆನಪಿಟ್ಟುಕೊಳ್ಳಿ. ಬೀಟಲ್ಸ್ ಕುರ್ಚಿಗಳಿರುವ ಥಿಯೇಟರಿಗೆ ಬಂದದ್ದು, ಸ್ಟೋನ್ಸ್ ನೃತ್ಯದ ಹಾಲಿಗೆ ಬಂದದ್ದು ಬರೀ ಆಕಸ್ಮಿಕ ಅಲ್ಲ.

ಕಟ್ಟಡ

ವಿಂಟರ್ ಗಾರ್ಡನ್ಸ್ ತೆರೆದದ್ದು 1878ರ ಜುಲೈ 11ರಂದು. ಗಾಜಿನ ಚಾವಣಿ, ಗಿಡಬಳ್ಳಿ, ಮಳೆ ಬಂದರೂ ಅಡ್ಡಾಡಲು ಜಾಗ. ಆ ಕರಾವಳಿಯಲ್ಲಿ ಮಳೆ ಮತ್ತು ಗಾಳಿ ಹೇಳಿ ಕೇಳಿ ಬರುವುದಿಲ್ಲ. ಮೊದಲು ಅದು ಸ್ಥಿತಿವಂತರಿಗೆಂದು ಮಾಡಿದ ಜಾಗ. 1882ರಲ್ಲಿ ಫ್ರಾನ್ಸಿನ ಹೆಸರಾಂತ ನಟಿ ಸಾರಾ ಬರ್ನಾರ್ ಇಲ್ಲಿಗೆ ಬಂದರು. ಯುರೋಪೆಲ್ಲ ಕೊಂಡಾಡುತ್ತಿದ್ದ ನಟಿ. ಆದರೆ ಆ ದೊಡ್ಡ ಪೆವಿಲಿಯನ್ನಿನಲ್ಲಿ ಅವರ ದನಿ ಹಿಂದೆ ಕೂತವರಿಗೆ ಮುಟ್ಟಲೇ ಇಲ್ಲ. ಜೊತೆಗೆ ನಾಟಕ ಫ್ರೆಂಚ್ ಭಾಷೆಯಲ್ಲಿ. ಜನ ಗದ್ದಲ ಎಬ್ಬಿಸಿದರು. ಅವರು ಅರ್ಧಕ್ಕೇ ಬಿಟ್ಟು ಹೋದರು. ನನ್ನ ಪಾಲಿಗೆ 1964ರ ಕಥೆ ಶುರುವಾಗುವುದು ಇಲ್ಲೇ. ದೊಡ್ಡ ಹೆಸರು ಬಂತು, ಜನ ಬಂದರು, ಹಾಲ್ ಮಾತ್ರ ಆ ಕೆಲಸಕ್ಕೆ ಹೊಂದಲಿಲ್ಲ.

1887ರಲ್ಲಿ ವಿಲಿಯಂ ಹಾಲೆಂಡ್ ಎಂಬವರು ಮ್ಯಾನೇಜರ್ ಆಗಿ ಬಂದರು. ಅವರ ಬಗ್ಗೆ ಊರಲ್ಲಿ ಹೇಳುವ ಒಂದು ಕಥೆ ನನಗೆ ತುಂಬ ಇಷ್ಟ. ಅವರು ನೂರು ಗಿನಿ (ಬ್ರಿಟನ್ನಿನ ಹಳೆಯ ದುಡ್ಡಿನ ಲೆಕ್ಕ) ಕೊಟ್ಟು ಒಂದು ರತ್ನಗಂಬಳಿ ತರಿಸಿದರಂತೆ. ಗಿರಣಿ ಕೆಲಸಗಾರರು ಅದರ ಮೇಲೆ ಉಗುಳುತ್ತಾರೆ ಎಂದು ನಿರ್ದೇಶಕರು ತಕರಾರು ತೆಗೆದರು. ಹಾಲೆಂಡ್ ಅದನ್ನೇ ಜಾಹೀರಾತು ಮಾಡಿಬಿಟ್ಟರು: ಬನ್ನಿ, ಬಿಲ್ ಹಾಲೆಂಡನ ನೂರು ಗಿನಿಯ ಗಂಬಳಿಯ ಮೇಲೆ ಉಗುಳಿ ಹೋಗಿ! ಜನ ಬಂದರು. ದುಡಿಯುವ ಜನರನ್ನು ನಂಬಿ ಬಾಗಿಲು ತೆರೆದ ಮನುಷ್ಯ ಅವರು. ಒಪೆರಾ ಹೌಸ್ 1889ರಲ್ಲಿ ಎದ್ದದ್ದು ಅವರ ಕಾಲದಲ್ಲೇ.

1894ರ ಮೇ 14ರಂದು ಬ್ಲ್ಯಾಕ್‌ಪೂಲ್ ಟವರ್ ತೆರೆಯಿತು. 158 ಮೀಟರ್ ಎತ್ತರದ ಕಬ್ಬಿಣದ ಗೋಪುರ, ಬುಡದಲ್ಲಿ ಸರ್ಕಸ್ಸು, ನೃತ್ಯದ ಹಾಲ್. ವಿಂಟರ್ ಗಾರ್ಡನ್ಸ್‌ನವರು ಸುಮ್ನೆ ಕೂರಲಿಲ್ಲ. 1896ರಲ್ಲಿ ಎಂಪ್ರೆಸ್ ಬಾಲ್‌ರೂಮ್ ಕಟ್ಟಿದರು. ಕಮಾನು ಚಾವಣಿ, ಸುತ್ತ ಬಾಲ್ಕನಿ, 12,500 ಚದರಡಿಯ ನೃತ್ಯದ ನೆಲ. ಎಷ್ಟು ದೊಡ್ಡದೆಂದರೆ ಮೊದಲ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆ ಗಾಳಿಹಡಗಿನ ಅನಿಲ ಚೀಲಗಳನ್ನು ಜೋಡಿಸಲು ಈ ಹಾಲನ್ನು ವಶಕ್ಕೆ ತೆಗೆದುಕೊಂಡಿತ್ತು. 1920ರಿಂದ ಇಲ್ಲಿ ಬ್ಲ್ಯಾಕ್‌ಪೂಲ್ ಡ್ಯಾನ್ಸ್ ಫೆಸ್ಟಿವಲ್ ನಡೆಯುತ್ತಿದೆ. ಬಾಲ್‌ರೂಮ್ ನೃತ್ಯದವರಿಗೆ ಅದೇ ಕಾಶಿ.

1928ರಲ್ಲಿ ಟವರ್ ಕಂಪನಿಯೇ ವಿಂಟರ್ ಗಾರ್ಡನ್ಸ್ ಕೊಂಡುಕೊಂಡಿತು. ಒಪೆರಾ ಹೌಸ್ ಅನ್ನು ಕೆಡವಿ ಮೂರನೆಯ ಸಲ ಕಟ್ಟಿ 1939ರ ಜುಲೈನಲ್ಲಿ ತೆರೆದರು. ಸುಮಾರು 3,000 ಆಸನ. ಮೊದಲ ಪ್ರದರ್ಶನದ ನಾಯಕ ಜಾರ್ಜ್ ಫಾರ್ಮ್‌ಬಿ, ವಿಗನ್ ಊರಿನವರು. ಕೈಯಲ್ಲಿ ಬ್ಯಾಂಜೋಲೆಲೆ ಎಂಬ ಪುಟ್ಟ ತಂತಿವಾದ್ಯ, ಮುಖದ ತುಂಬ ನಗು. ಗಿರಣಿಯವರಿಗೆ ಅವರು ಹೊರಗಿನ ತಾರೆಯಲ್ಲ, ತಮ್ಮ ಮನೆಯ ಹುಡುಗ.

ಆ ವೇದಿಕೆ ಹತ್ತಿದವರ ಹೆಸರು ಹೇಳುತ್ತಾ ಹೋದರೆ ಬೆಳಗಾಗುತ್ತದೆ. ಎರಡೇ ಹೇಳುತ್ತೇನೆ. ಅಮೆರಿಕದ ಗಾಯಕ ಫ್ರಾಂಕ್ ಸಿನಾತ್ರಾ 1950ರಲ್ಲೂ 1953ರಲ್ಲೂ ಒಪೆರಾ ಹೌಸ್‌ನಲ್ಲಿ ಹಾಡಿದರು. ಎರಡನೆಯ ಸಲ ಬಂದಾಗ ಅವರ ಹೆಸರು ಕೆಳಗಿಳಿದಿತ್ತು. ಅಂಥ ಹೊತ್ತಿನಲ್ಲೂ ಈ ಊರು ಅವರನ್ನು ಕರೆಯಿತು ಅನ್ನುವುದು ನನ್ನ ಮನಸ್ಸಿನಲ್ಲಿ ಉಳಿದಿದೆ. ಇನ್ನೊಂದು, 1955ರ ಏಪ್ರಿಲ್ 13. ರಾಯಲ್ ವೆರೈಟಿ ಪರ್ಫಾರ್ಮೆನ್ಸ್ ಎಂಬ ರಾಜಮನೆತನದ ಮುಂದಿನ ಪ್ರದರ್ಶನ ಮೊದಲ ಸಲ ಲಂಡನ್ ಬಿಟ್ಟು ಹೊರಗೆ ನಡೆದದ್ದು ಇದೇ ಹಾಲಿನಲ್ಲಿ. ಎಲಿಜಬೆತ್ ರಾಣಿ ಬಂದು ನೋಡಿದರು. ಗಿರಣಿ ಕೆಲಸಗಾರರು ರಜೆಗೆ ಬಂದು ಕೂರುವ ಹಾಲಿನಲ್ಲೇ ರಾಣಿ ಕೂತದ್ದು.

ಊರಿಗೆ ತಾರೆ ಎಂದರೆ ಎಷ್ಟು ಅಕ್ಕರೆ ಅನ್ನುವುದಕ್ಕೆ ದೀಪೋತ್ಸವವೂ ಸಾಕ್ಷಿ. ಸೀಸನ್ ಮುಗಿಯುವ ಹೊತ್ತಿಗೆ ಕಡಲ ದಂಡೆಯುದ್ದಕ್ಕೂ 'ಇಲ್ಯುಮಿನೇಷನ್ಸ್' ಹಚ್ಚುತ್ತಾರೆ. ಜನ ಇನ್ನೂ ಕೆಲವು ವಾರ ಬರಲಿ ಎಂಬ ಜಾಣ ಯೋಚನೆ ಅದು. ಸ್ವಿಚ್ ಒತ್ತಲು ಪ್ರತಿ ವರ್ಷ ಒಬ್ಬ ಹೆಸರಾಂತರು. 1951ರಲ್ಲಿ ಬ್ಲ್ಯಾಕ್‌ಪೂಲ್ ತಂಡದ ಫುಟ್‌ಬಾಲ್ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್, 1959ರಲ್ಲಿ ಹಾಲಿವುಡ್ಡಿನ ನಟಿ ಜೇನ್ ಮ್ಯಾನ್ಸ್‌ಫೀಲ್ಡ್. 1977ರಲ್ಲಂತೂ ರೆಡ್ ರಮ್ ಎಂಬ ರೇಸ್ ಕುದುರೆಯನ್ನೇ ಕರೆಸಿದರು.

ಮುನ್ಸೂಚನೆ ಇತ್ತು

1963ರ ಆಗಸ್ಟ್ 4, ಭಾನುವಾರ. ಬೀಟಲ್ಸ್ ಬ್ಲ್ಯಾಕ್‌ಪೂಲ್‌ನ ಕ್ವೀನ್ಸ್ ಥಿಯೇಟರ್‌ಗೆ ಬಂದರು. ಹೊರಗೆ ಎಷ್ಟು ಜನ ಸೇರಿದ್ದರೆಂದರೆ ಬಾಗಿಲಿನಿಂದ ಒಳಗೆ ಹೋಗಲು ಆಗಲಿಲ್ಲ. ಪಕ್ಕದ ಜಾಗದಿಂದ ಸಾರುವೆ ಹತ್ತಿ, ಚಾವಣಿಯ ಕಿಂಡಿಯಿಂದ ಒಳಗಿಳಿದರು. ಅಂದರೆ ಹೊಸ ಬಗೆಯ ಪ್ರೇಕ್ಷಕರು ಬಂದಿದ್ದಾರೆ ಎಂದು ಊರಿಗೆ ಒಂದು ವರ್ಷ ಮೊದಲೇ ಗೊತ್ತಿತ್ತು.

ಇವರು ಅಪ್ಪ ಅಮ್ಮನ ಜೊತೆ ಬಂದು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುವವರಲ್ಲ. ಹದಿನಾರು, ಹದಿನೆಂಟರ ಹುಡುಗ ಹುಡುಗಿಯರು. ಕೈಯಲ್ಲಿ ತಾವೇ ದುಡಿದ ದುಡ್ಡು. ಮನೆಯವರಿಂದ ಬೇರೆಯಾಗಿ, ಸ್ನೇಹಿತರ ಗುಂಪು ಕಟ್ಟಿಕೊಂಡು ಬರುವವರು.

ಅವರ ಮೆಚ್ಚಿನ ತಂಡಗಳು ಬೆಳೆದದ್ದು ನೃತ್ಯದ ಹಾಲುಗಳಲ್ಲೇ. ಹಿಂದೆ ಬಾಲ್‌ರೂಮ್‌ನಲ್ಲಿ ವಾದ್ಯವೃಂದ ಇರುತ್ತಿದ್ದದ್ದು ಕುಣಿಯುವವರಿಗಾಗಿ. ಜನ ಜೋಡಿಯಾಗಿ ನೆಲದ ತುಂಬ ಸುತ್ತುತ್ತಾ ಇರುತ್ತಾರೆ. ವಾದ್ಯದವರ ಕಡೆ ಬೆನ್ನು ಮಾಡಿದರೂ ಯಾರಿಗೂ ಬೇಸರ ಇಲ್ಲ. ಜನರ ಭಾರ ಇಡೀ ಹಾಲಿಗೆ ಹಂಚಿಹೋಗುತ್ತದೆ. ಬೀಟಲ್ಸ್, ಸ್ಟೋನ್ಸ್ ಥರದ 'ಬೀಟ್' ತಂಡಗಳು ಬಂದ ಮೇಲೆ ಇದೆಲ್ಲ ತಲೆಕೆಳಗಾಯಿತು. ಟಿಕೆಟ್ ಮೇಲೆ ಡ್ಯಾನ್ಸ್ ಅಂತಲೇ ಇದ್ದರೂ ಯಾರೂ ಕುಣಿಯಲಿಲ್ಲ. ಎಲ್ಲರೂ ವೇದಿಕೆಯ ಕಡೆ ಮುಖ ಮಾಡಿ ನಿಂತರು. ನಿಂತವರು ಮುಂದೆ ಒತ್ತಿದರು. ಕುಣಿಯಲು ಮಾಡಿದ ನೆಲ ನೋಡುವ ನೆಲ ಆಯಿತು. ಆದರೆ ಅದಕ್ಕೆ ಬೇಕಾದ ಸಾಲು ಇಲ್ಲ, ಅಡ್ಡಗಟ್ಟೆ ಇಲ್ಲ, ನಡುದಾರಿ ಇಲ್ಲ.

ಶುಕ್ರವಾರ

ಸ್ಟೋನ್ಸ್ ಆಗಷ್ಟೇ ತುದಿ ಮುಟ್ಟಿದ್ದರು. ಏಪ್ರಿಲ್‌ನಲ್ಲಿ ಅವರ ಮೊದಲ ಆಲ್ಬಮ್ ಬಂದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಜುಲೈ ನಡುವಿನಲ್ಲಿ ಮೊದಲ ಸಲ ಅವರ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಕೂಡ ಮೊದಲ ಸ್ಥಾನಕ್ಕೆ ಬಂತು. ಹಾಡುವ ಮಿಕ್ ಜ್ಯಾಗರ್‌ಗೆ 21 ತುಂಬಲು ಎರಡು ದಿನ ಬಾಕಿ. ತಂಡ ಕಟ್ಟಿದ ಬ್ರಯಾನ್ ಜೋನ್ಸ್‌ಗೆ 22. ಹಳದಿ ಕೂದಲು, ಅಂದವಾದ ಬಟ್ಟೆ. ಎಲ್ಲರ ಕಣ್ಣು ಮೊದಲು ಹೋಗುತ್ತಿದ್ದದ್ದು ಅವರ ಮೇಲೆಯೇ.

ಹಾಲಿನಲ್ಲಿ 7,000 ಜನ. 12,500 ಚದರಡಿಯ ಜೊತೆ ಈ ಸಂಖ್ಯೆಯನ್ನು ಇಟ್ಟು ನೋಡಿ. ಬಾಲ್ಕನಿಯಲ್ಲಿ, ಅಂಚಿನಲ್ಲಿ ಒಂದಷ್ಟು ಜನ ಇದ್ದರು ಅಂದುಕೊಂಡರೂ ನೆಲದ ಮೇಲೆ ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ಮೂರು ಚದರಡಿ. ಎರಡೂ ಪಾದ ಊರಿ ನಿಂತರೆ ಮುಗಿಯಿತು. ಜುಲೈ ತಿಂಗಳ ಸೆಕೆ. ಹಿಂದಿನವರು ಮುಂದಿನವರನ್ನು ಒತ್ತುತ್ತಿದ್ದಾರೆ. ಮುಂದಿನವರಿಗೆ ಹಿಂದೆ ಸರಿಯಲು ಆಗದು.

ವೇದಿಕೆಯ ಅಂಚಿಗೆ ಬಂದು ನಿಂತ ಕೆಲವು ಗಂಡಸರು ತಂಡದ ಮೇಲೆ ಉಗುಳಲು ಶುರು ಮಾಡಿದರು. ಬ್ರಯಾನ್ ಜೋನ್ಸ್ ಮೇಲೆ ಬಿತ್ತು. ಎಚ್ಚರಿಸಿದರೂ ನಿಲ್ಲಲಿಲ್ಲ. ಕೊನೆಗೆ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ತಾಳ್ಮೆ ಕಳೆದುಕೊಂಡು ಉಗುಳುತ್ತಿದ್ದವನಿಗೆ ಬೂಟುಗಾಲಿನಲ್ಲಿ ಒದ್ದರು. ಅಷ್ಟೇ ಸಾಕಾಯಿತು. ತಂಡದವರನ್ನು ಅವಸರದಲ್ಲಿ ಹಿಂದಿನಿಂದ ಹೊರಗೆ ಸಾಗಿಸಿದರು. ಆಮೇಲೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ.

ಈ ಒದೆತದ ಒಂದು ವಿವರದಲ್ಲಿ ಹಾಲಿನ ದೋಷ ಪೂರ್ತಿ ಕಾಣುತ್ತದೆ. ಉಗುಳಿದರೆ ಮೈಗೆ ತಾಗುವಷ್ಟು, ಕಾಲು ಬೀಸಿದರೆ ಮುಟ್ಟುವಷ್ಟು ಹತ್ತಿರ ಅವರಿದ್ದರು. ಹಾಡುವವರಿಗೂ 7,000 ಜನರಿಗೂ ನಡುವೆ ಖಾಲಿ ಜಾಗವೇ ಇರಲಿಲ್ಲ.

ಕೀತ್ ಮಾಡಿದ್ದು ಸರಿಯೇ? ಇಲ್ಲ. ಅಷ್ಟು ಇಕ್ಕಟ್ಟಿನ ಗುಂಪಿನ ಮುಂದೆ ಅದು ಬೆಂಕಿಗೆ ಎಣ್ಣೆ. ಆದರೆ ಗೆಳೆಯನ ಮುಖಕ್ಕೆ ಉಗುಳುವುದನ್ನು ಇಪ್ಪತ್ತರ ಹುಡುಗನೊಬ್ಬ ನೋಡುತ್ತಾ ನಿಲ್ಲಬೇಕು ಅನ್ನುವುದೂ ನನ್ನಿಂದ ಆಗದು. ಗ್ಲಾಸ್ಗೋದಿಂದ ರಜೆಗೆ ಬಂದವರದ್ದೇ ತಪ್ಪು ಎಂದು ಅಂದು ಬಹಳ ಜನ ಬೆರಳು ತೋರಿಸಿದರು. ಉಗುಳಿದವರು ಬೆರಳೆಣಿಕೆಯ ಜನ. ಒಳಗಿದ್ದ ಸಾವಿರಾರು ಜನ, ಅದರಲ್ಲೂ ಮುಂದೆ ಒತ್ತಾಗಿ ನಿಂತಿದ್ದ ಹುಡುಗಿಯರು, ಹಾಡು ಕೇಳಲು ಬಂದು ಏಟು ತಿಂದವರು. ಇಡೀ ವರ್ಷ ಹಡಗಿನ ಕಬ್ಬಿಣ ಬಡಿದು, ಎರಡು ವಾರದ ರಜೆಗೆ ಬಂದ ಹುಡುಗನನ್ನು ಅವನ ಊರಿನ ಹೆಸರು ನೋಡಿ ಪುಂಡ ಎನ್ನುವುದು ನ್ಯಾಯ ಅಲ್ಲ. ಬಿಲ್ ಹಾಲೆಂಡ್ ಇದ್ದಿದ್ದರೆ ಹಾಗೆ ಅನ್ನುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಭಾನುವಾರ

ಇನ್ನು ಒಪೆರಾ ಹೌಸ್. ಅಲ್ಲೂ ಅದೇ ವಯಸ್ಸಿನ ಜನ. ಅದೇ ರಜೆಯ ವಾರ. ಕಿರುಚಾಟ ಇನ್ನೂ ಜಾಸ್ತಿ. ಬೀಟಲ್ಸ್ ಹಿಂದಿನ ಭಾನುವಾರ, ಜುಲೈ 19ರಂದು, ಟಿವಿ ಕಾರ್ಯಕ್ರಮಕ್ಕೆಂದು ಇದೇ ಊರಿನ ಎಬಿಸಿ ಥಿಯೇಟರ್‌ಗೆ ಬಂದು ಹೋಗಿದ್ದರು. ಅಂದರೆ ಎಂಟು ದಿನದಲ್ಲಿ ಬೀಟಲ್ಸ್ ಎರಡು ಸಲ, ಸ್ಟೋನ್ಸ್ ಒಂದು ಸಲ. ಇಂದು ಯಾವ ಮಹಾನಗರಕ್ಕೂ ಸಿಗದ ಭಾಗ್ಯ ಅದು.

ಆದರೆ ಇಲ್ಲಿ ಪ್ರತಿಯೊಬ್ಬರ ಟಿಕೆಟ್ ಮೇಲೆ ಒಂದು ಆಸನದ ಸಂಖ್ಯೆ ಇದೆ. ಆಸನ ನೆಲಕ್ಕೆ ಬಿಗಿದಿದೆ. ಸುಮಾರು 3,000 ಆಸನ ಎಂದರೆ ಒಂದು ಆಟಕ್ಕೆ ಅಷ್ಟೇ ಜನ. ಎದ್ದು ನಿಂತರೂ, ಕುರ್ಚಿ ಹತ್ತಿ ಕೂಗಿದರೂ ಮುಂದಿನ ಸಾಲಿನ ಬೆನ್ನು ಅಡ್ಡ ಬರುತ್ತದೆ. ಯಾರಾದರೂ ಓಡಿ ಬಂದರೆ ನಡುದಾರಿಯಲ್ಲೇ ತಡೆಯಬಹುದು. ಮೊದಲ ಸಾಲಿಗೂ ವೇದಿಕೆಗೂ ನಡುವೆ ವಾದ್ಯದವರು ಕೂರುವ ತಗ್ಗು ಇದೆ. ಜನರ ಉತ್ಸಾಹ ಎಷ್ಟೇ ಇರಲಿ, ಅದು ಒಂದೇ ಕಡೆ ಸೇರಿ ಒತ್ತಡವಾಗುವುದಿಲ್ಲ. 3,000 ಭಾಗವಾಗಿ ಅವರವರ ಜಾಗದಲ್ಲೇ ಉಳಿಯುತ್ತದೆ.

ಶುಕ್ರವಾರ ಸ್ಟೋನ್ಸ್ ತಂಡವನ್ನು ಒಪೆರಾ ಹೌಸ್‌ನಲ್ಲಿ ನಿಲ್ಲಿಸಿ, ಭಾನುವಾರ ಬೀಟಲ್ಸ್ ತಂಡವನ್ನು ಎಂಪ್ರೆಸ್‌ನಲ್ಲಿ 7,000 ಜನರ ಮುಂದೆ ನಿಲ್ಲಿಸಿದ್ದರೆ? ಒದೆತ ಇಲ್ಲದೆಯೂ ಯಾರೋ ತುಳಿತಕ್ಕೆ ಸಿಗುತ್ತಿದ್ದರು ಎಂಬುದೇ ನನ್ನ ಅನಿಸಿಕೆ. ಅಂದು ಯಾರೂ ಸಾಯಲಿಲ್ಲ. ಅಷ್ಟು ಜನ ಕಿಕ್ಕಿರಿದ ಹಾಲಿನಲ್ಲಿ ಅದು ದೊಡ್ಡ ಅದೃಷ್ಟ.

ಆಗಸ್ಟ್ 16ರಂದು ಬೀಟಲ್ಸ್ ಮತ್ತೆ ಅದೇ ಒಪೆರಾ ಹೌಸ್‌ಗೆ ಬಂದರು. ಅಂದಿನ ಕಾರ್ಯಕ್ರಮದ ಪಟ್ಟಿಯಲ್ಲಿ ಕೆಳಗೆ ಕಿಂಕ್ಸ್ ತಂಡ ಇತ್ತು. ಹೈ ನಂಬರ್ಸ್ ಎಂಬ ಹೊಸ ಹುಡುಗರ ತಂಡವೂ ಇತ್ತು. ಅವರೇ ಮುಂದೆ 'ದಿ ಹೂ' (The Who) ಎಂಬ ರಾಕ್ ತಂಡವಾಗಿ ಹೆಸರಾದವರು.

ಶಿಕ್ಷೆ ಯಾರಿಗೆ

ಕೌನ್ಸಿಲ್ ತಂಡವನ್ನು ನಿಷೇಧಿಸಿತು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಕುಟುಂಬಗಳು ನಂಬಿಕೆ ಇಟ್ಟು ಬರುವ ಊರು. ಅತಿಥಿಗಳನ್ನು ಇಟ್ಟುಕೊಂಡು ಬದುಕುವ ಲ್ಯಾಂಡ್‌ಲೇಡಿಗಳ ಊರು. ಪತ್ರಿಕೆಯಲ್ಲಿ ಗಲಭೆ ಎಂದು ಬಂದರೆ ಮುಂದಿನ ವರ್ಷದ ಬುಕಿಂಗ್ ಹೋಯಿತು. ಬೇಗ ಏನಾದರೂ ಮಾಡಿ ತೋರಿಸಬೇಕಿತ್ತು. ಒಂದು ಹೆಸರನ್ನು ನಿಷೇಧಿಸುವುದು ಸುಲಭ. ಒಂದು ನೆಲದ ಮೇಲೆ ಎಷ್ಟು ಜನ ನಿಲ್ಲಬಹುದು, ವೇದಿಕೆಯ ಮುಂದೆ ಎಷ್ಟು ಅಂತರ ಬೇಕು, ಟಿಕೆಟ್ ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಕೂತು ಲೆಕ್ಕ ಹಾಕುವುದು ಕಷ್ಟದ ಕೆಲಸ. ಆದರೆ ಮುಂದಿನ ತಂಡ ಬಂದಾಗ ಜನರನ್ನು ಕಾಯುವುದು ಆ ಲೆಕ್ಕವೇ.

ಎಂಪ್ರೆಸ್ ಬಾಲ್‌ರೂಮ್ ಆಮೇಲೆ ಅದನ್ನು ಕಲಿಯಿತು ಎಂಬುದಕ್ಕೆ ಪುರಾವೆ ಇದೆ. 1989ರ ಆಗಸ್ಟ್ 12ರಂದು ಮ್ಯಾಂಚೆಸ್ಟರಿನ ಸ್ಟೋನ್ ರೋಸಸ್ ತಂಡ ಅದೇ ನೆಲದ ಮುಂದೆ ಹಾಡಿತು. ಆ ತಲೆಮಾರಿನವರು ಇಂದಿಗೂ ಮಾತಾಡುವ ರಾತ್ರಿ ಅದು. ಜನ ಸುಮಾರು 4,000. ಅಂದರೆ 1964ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 2004ರ ಜನವರಿಯಲ್ಲಿ ಅಮೆರಿಕದ ವೈಟ್ ಸ್ಟ್ರೈಪ್ಸ್ ತಂಡದವರು ಇಲ್ಲಿ ಹಾಡಿದ್ದನ್ನು ಚಿತ್ರೀಕರಿಸಿಕೊಂಡರು. ಜನ ನಿಂತೇ ನೋಡಿದರು, ಕುಣಿದರು. ರಾಕ್ ಸಂಗೀತಕ್ಕೂ ಈ ಹಾಲಿಗೂ ಆಗಿಬರುವುದಿಲ್ಲ ಎಂಬ ಮಾತು ಸುಳ್ಳಾಯಿತು.

ಊರಿನ ಕಾಲ ಮಾತ್ರ ಬದಲಾಗುತ್ತಾ ಹೋಯಿತು. ಲ್ಯಾಂಕಾಶೈರ್‌ನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಇಲ್ಲ ಎಂದ ಮೇಲೆ ವೇಕ್ಸ್ ವೀಕ್ ಎಲ್ಲಿಯದು? ವಿಮಾನದ ದರ ಇಳಿಯಿತು, ಜನ ಸ್ಪೇನಿನ ಬಿಸಿಲು ಹುಡುಕಿ ಹೋದರು. ಟಿವಿ ಬಂದ ಮೇಲೆ ಹಾಸ್ಯಗಾರನ ಜೋಕು ಒಂದೇ ರಾತ್ರಿಗೆ ಇಡೀ ದೇಶಕ್ಕೆ ಹಳೆಯದಾಯಿತು. ನಾಲ್ಕು ತಿಂಗಳ ಸೀಸನ್ ಸೊರಗಿತು. ಬೀಟಲ್ಸ್ ಚಾವಣಿಯಿಂದ ಇಳಿದಿದ್ದ ಕ್ವೀನ್ಸ್ ಥಿಯೇಟರ್ ಅನ್ನು 1970ರ ದಶಕದಲ್ಲಿ ಕೆಡವಿದರು. ವಿಂಟರ್ ಗಾರ್ಡನ್ಸ್ ಉಳಿಯಿತು. 2010ರಲ್ಲಿ ಟವರ್ ಮತ್ತು ವಿಂಟರ್ ಗಾರ್ಡನ್ಸ್ ಎರಡನ್ನೂ ಊರಿನ ಕೌನ್ಸಿಲ್ಲೇ ಕೊಂಡುಕೊಂಡಿತು. ಇಂಥ ಕಟ್ಟಡಗಳನ್ನು ಲಾಭದ ಲೆಕ್ಕಕ್ಕೆ ಮಾತ್ರ ಬಿಡಬಾರದು ಎಂದು ನಂಬುವ ನನಗೆ ಅದು ಸಮಾಧಾನ ತಂದ ಸುದ್ದಿ. 2011ರಲ್ಲಿ ಟವರ್ ಎದುರಿನ ಕಡಲ ದಂಡೆಯಲ್ಲಿ 'ಕಾಮಿಡಿ ಕಾರ್ಪೆಟ್' ಎಂಬ ಕಲ್ಲಿನ ಹಾಸು ಹಾಸಿದರು. ಸಾವಿರಕ್ಕೂ ಹೆಚ್ಚು ಹಾಸ್ಯಗಾರರ, ಹಾಸ್ಯ ಬರಹಗಾರರ ಹೆಸರು, ಮಾತುಗಳನ್ನು ಗ್ರಾನೈಟಿನ ಅಕ್ಷರಗಳಲ್ಲಿ ಕೂರಿಸಿದ್ದಾರೆ. ಜನ ಅದರ ಮೇಲೆ ನಡೆದಾಡುತ್ತಾ, ತಲೆ ಬಗ್ಗಿಸಿ ಓದುತ್ತಾ, ನಗುತ್ತಾರೆ.

ಸ್ಟೋನ್ಸ್ ಮೇಲಿನ ನಿಷೇಧ ಬಿದ್ದಾಗ ಜ್ಯಾಗರ್‌ಗೆ 21 ತುಂಬಿತ್ತಷ್ಟೆ. ಕೌನ್ಸಿಲ್ ಅದನ್ನು ತೆಗೆದುಹಾಕಿದ್ದು 2008ರಲ್ಲಿ. ಆಗ ಅವರಿಗೆ 64. ಇನ್ನು ಬಂದು ಹಾಡಬಹುದು ಎಂದು ಊರು ಹೇಳಿತು. ಅಂದು ಮೈಮೇಲೆ ಉಗುಳು ಬಿದ್ದಿದ್ದ ಬ್ರಯಾನ್ ಜೋನ್ಸ್ ಆ ಮಾತು ಕೇಳಲು ಇರಲಿಲ್ಲ. 1969ರ ಜುಲೈ 3ರಂದು, 27ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.